ತಮ್ಮನ ಮಕ್ಕಳಿಗೆ ತೆಲುಗು ಓದಿಸುವುದು

ನನಗೆ ಮಾತು ಸ್ವಲ್ಪ ಜಾಸ್ತಿ. ಆಂಧ್ರದ ಆದೋನಿ ಪಕ್ಕದ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮೇಷ್ಟ್ರಾಗಿದ್ದೇನೆ, ಈಗ ಹೆಡ್‌ಮೇಷ್ಟ್ರು. ಪ್ರತಿ ಬೇಸಿಗೆ ಮನೆಮನೆ ತಿರುಗಿ, ತೆಲುಗು ಶಾಲೆಗೆ ಹೊರಟ ಮಕ್ಕಳನ್ನು ನಮ್ಮ ಕಡೆ ಸೆಳೆಯುವುದು ನನ್ನ ಕೆಲಸ. ಆ ಮಾತಿಗೆ ನನ್ನ ತಮ್ಮ ಈರಣ್ಣನೂ ಸಿಕ್ಕಿಬಿದ್ದ.

ಈರಣ್ಣ ಸೈನ್ಯದಲ್ಲಿದ್ದ. ಹಿಮದ ಗಡಿಯಲ್ಲಿ ಅವನನ್ನು ಎಲ್ಲರೂ ‘ಮದ್ರಾಸಿ’ ಅನ್ನುತ್ತಿದ್ದರಂತೆ. “ನಮ್ದು ಆಂಧ್ರ, ಮನಿ ಮಾತು ಕನ್ನಡ ಅಂತ ಅವರಿಗೆ ತಿಳಿಸಿ ಹೇಳೋದ್ರಾಗ ಡ್ಯೂಟಿನ ಮುಗೀತಿತ್ತು” ಎಂದು ರಜೆಗೆ ಬಂದಾಗ ನಗುತ್ತಿದ್ದ. ನಾನು ಹೇಳಿದೆನೆಂದು ಹಿರಿಮಗಳು ಗೌರಿಯನ್ನು ನಮ್ಮ ಶಾಲೆಗೇ ಹಾಕಿದ. “ಬಳ್ಳಾರಿ ಏನು ದೂರ ಐತಿ? ಮುಂದ ಅಲ್ಲೇ ಓದ್ತಾಳ” ಎಂದು ಭರವಸೆ ಕೊಟ್ಟವನೂ ನಾನೇ.

ಅವನು ನಿವೃತ್ತನಾಗಿ ಬಂದ ವರ್ಷ ಗೌರಿ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾದಳು. ಮೂವರೂ ಬಳ್ಳಾರಿಗೆ ಹೋದೆವು. ಕಾಲೇಜು ಸಿಕ್ಕಿತು. ಹಾಸ್ಟೆಲಿನ ಗುಮಾಸ್ತರು ಮಾತ್ರ ಕಾಗದ ತಿರುವಿ, “ನೀವು ಆಂಧ್ರದೋರು. ಕರ್ನಾಟಕದ ಸರ್ಟಿಫಿಕೇಟ್ ಇಲ್ದ ಸೀಟು ಕೊಡಾಕ ಬರಂಗಿಲ್ಲರಿ” ಎಂದರು. ನಾನು ಸುಮ್ಮನಿರುವವನೇ? ಹಳೆಯ ರಾಜರು, ಶಾಸನಗಳು, ಭಾಷಾವಾರು ಪ್ರಾಂತ ಅಂತ ಪಾಠವನ್ನೇ ಶುರುಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡು ಕುಡಿಯಲು ನೀರು ಕೊಟ್ಟರು. ಬೇರೆ ಊರಿನಲ್ಲಿ ರೂಮು ಮಾಡಿ ಮಗಳೊಬ್ಬಳನ್ನೇ ಬಿಡಲು ಈರಣ್ಣನ ಹೆಂಡತಿ ಒಪ್ಪಲಿಲ್ಲ.

ಆದೋನಿಯಲ್ಲಿ ಸಿಕ್ಕಿದ ಕಾಲೇಜಿನಲ್ಲಿ ಪಾಠವೆಲ್ಲ ತೆಲುಗು. ಗೌರಿಗೆ ಸಂತೆಯ ತೆಲುಗು ಸರಾಗ. ಪುಸ್ತಕದ ತೆಲುಗಿನ ಮುಂದೆ ತಡವರಿಸಿದಳು. ಅದಕ್ಕೆ ಕಾರಣ ನನಗೆ ಗೊತ್ತು. ನಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ತೆಲುಗು ಪೀರಿಯಡ್ ಇದ್ದವು. ಅವನ್ನೂ ನಾನೇ ಕನ್ನಡಕ್ಕೆ ತೆಗೆದುಕೊಳ್ಳುತ್ತಿದ್ದೆ, ಭಾರೀ ಅಭಿಮಾನದಿಂದ. ಎರಡು ತಿಂಗಳು ಹೋಗಿ ಅವಳು ಕಾಲೇಜು ಬಿಟ್ಟಳು.

ಮುಂದಿನ ಜೂನಿನಲ್ಲಿ ಈರಣ್ಣ, ನಮ್ಮಲ್ಲೇ ಓದುತ್ತಿದ್ದ ಕಿರಿಮಗಳನ್ನು ತೆಲುಗು ಶಾಲೆಗೆ ಹಾಕಲು ಟಿ.ಸಿ. ಕೇಳಿಕೊಂಡು ಬಂದ. ಬೈದಿದ್ದರೆ ಚೆನ್ನಾಗಿತ್ತು.

“ಅಣ್ಣ, ಇಡೀ ದೇಶಕ್ಕ ಕಾವಲಿದ್ದೆ ನಾನು. ನನ್ನ ಮಗಳಿಗೆ ಬಳ್ಳಾರ್ಯಾಗ ಒಂದು ಚಾಪಿ ಹಾಸಾಕ ಜಾಗ ಸಿಗಲಿಲ್ಲ. ಯಾರ ಮ್ಯಾಲೂ ಸಿಟ್ಟಿಲ್ಲ ನನಗ. ಸೈನ್ ಮಾಡು.”

ಮಾಡಿದೆ.

ಈಗ ದಿನಾ ಸಾಯಂಕಾಲ ಅವನ ಮನೆಗೆ ಹೋಗಿ ಇಬ್ಬರು ಹುಡುಗಿಯರಿಗೂ ತೆಲುಗು ಓದಿಸುತ್ತೇನೆ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಎಷ್ಟೋ ಅಕ್ಷರಗಳ ಗುರುತು ಸಿಕ್ಕಿಬಿಡುತ್ತದೆ. ಮೊನ್ನೆ ಗೌರಿ ಒಂದು ಪುಟವನ್ನು ಎಲ್ಲೂ ನಿಲ್ಲದೆ ಓದಿ ಮುಗಿಸಿದಳು. ಆಮೇಲೆ ತಲೆಯೆತ್ತಿ, “ದೊಡ್ಡಪ್ಪಾ, ಇಷ್ಟು ಚಲೋ ಕಲಿಸ್ತೀಯಲ್ಲ, ಸಾಲ್ಯಾಗ ಯಾಕ ಕಲಿಸಲಿಲ್ಲ?” ಎಂದಳು.

ಚುಚ್ಚಲು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಕನ್ನಡವನ್ನು ಉಳಿಸುತ್ತಿದ್ದೆ ಎಂಬ ಉತ್ತರ ನನ್ನಲ್ಲಿತ್ತು.

“ಮುಂದಿನ ಪುಟ ತೆಗಿ” ಎಂದೆ.