ಕೊಟ್ರವ್ವನ ಬುತ್ತಿ

ಬೀಗರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಹೆಂಗಸು ನಮ್ಮ ಕಡೆ ಹುಟ್ಟಿರಲಿಲ್ಲ. ನಿಮ್ಮ ಮನೆಯ ಅನ್ನ ಬೇಡ ಎಂದು ಮುಖದ ಮೇಲೆ ಹೇಳಿದಂತೆ ಅದು. ನನ್ನ ದೊಡ್ಡಮ್ಮ ಕೊಟ್ರವ್ವ ಕಟ್ಟಿಕೊಂಡು ಹೋದಳು.

ಕಾರಣ ಅವಳ ಅಣ್ಣ ಕಲ್ಲೇಶಪ್ಪ. ಐವತ್ತೇಳನೆಯ ಇಸವಿಯಲ್ಲಿ ಸಕ್ಕರೆ ಕಾಯಿಲೆಯಿಂದ ಅವನ ಬಲಗಾಲು ಕೊಳೆತು, ಡಾಕ್ಟರು ಕತ್ತರಿಸಿದರು. ಆನಗೋಡಿನ ಹೊಲದಲ್ಲಿ ಮೊದಲು ಕಾಲನ್ನು ಮಣ್ಣು ಮಾಡಿದೆವು, ಆರು ತಿಂಗಳಿಗೆ ಅವನನ್ನು. ಕುಣಿಯಲ್ಲಿ ಪದ್ಧತಿಯಂತೆ ಕೂರಿಸುವಾಗ ಮಡಚಲು ಒಂದೇ ಕಾಲಿತ್ತು.

ಮರುವಾರವೇ ದೊಡ್ಡಮ್ಮ ದಾವಣಗೆರೆಯ ಡಾಕ್ಟರ ಮುಂದೆ ಕುಳಿತಳು. ಅವರು ಮೂತ್ರವನ್ನು ನೀಲಿ ಔಷಧಿಯಲ್ಲಿ ಕಾಯಿಸಿದರು. ಬಣ್ಣ ಬದಲಾಗಲಿಲ್ಲ.

"ಈಗೇನಿಲ್ಲ. ಆದ್ರೆ ಮನೆತನದಾಗೆ ಐತೆ, ಮೈಯೂ ಬಂದೈತೆ. ಸಿಹಿ ಬಿಡ್ರಿ, ನಡೀರಿ" ಎಂದರು.

ಬಟ್ಟೆ ಅಂಗಡಿ ಸಾಹುಕಾರರ ಹೆಂಡತಿ ನಡೆಯುವುದೆಂದರೇನು! ಜಟಕಾ ಇಲ್ಲದೆ ಪೇಟೆ ದಾಟಿದವಳಲ್ಲ.

"ಮಾನ ಹೋಗ್ತೈತೆ" ಎಂದರು ದೊಡ್ಡಪ್ಪ.

"ಮಾನ ಹೋದ್ರೆ ಹೋಗ್ಲಿ, ಕಾಲು ಉಳೀಲಿ."

ಅಂದಿನಿಂದ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಬೆಳಗಾದರೆ ಪಕ್ಕದ ಹಳ್ಳಿ ಬಾತಿಯ ತನಕ ನಡಿಗೆ. ಊರು ನಕ್ಕಿತು. ನಕ್ಕವರ ಮನೆ ಮುಂದೆಯೇ ಅವಳು ಇನ್ನಷ್ಟು ಬಿರುಸಾಗಿ ನಡೆದಳು.

ವರ್ಷ ಕಳೆದ ಮೇಲೆ, ಹರಿಹರಕ್ಕೆ ಕೊಟ್ಟ ಮಗಳು ಹಾಲಮ್ಮನನ್ನು ನೋಡಲು ಒಂಬತ್ತು ಮೈಲಿ ನಡೆದೇ ಹೋದಳು. ಜೊತೆಗೆ ನಾನೂ ಇದ್ದೆ. ಹಾಲಮ್ಮನ ಅತ್ತೆ ನಾಗರತ್ನಮ್ಮ ಎಲೆಗೆ ಹೋಳಿಗೆ ಬಡಿಸಿ ತುಪ್ಪ ಸುರಿದರು. ದೊಡ್ಡಮ್ಮ ಎಲೆಗೆ ಕೈಮುಗಿದು ಬುತ್ತಿ ಬಿಚ್ಚಿದಳು.

ನಾಗರತ್ನಮ್ಮ ಕೆಂಡವಾದರು. "ನಮ್ಮನಿ ಹೋಳಿಗೆ ಬ್ಯಾಡಾದ್ರೆ ನಿಮ್ಮ ಮಗಳನ್ನೂ ಕರ್ಕಂಡು ಹೋಗ್ರಿ!"

ಒಂದು ಹೋಳಿಗೆ ತಿಂದರೆ ದೊಡ್ಡಮ್ಮನ ಗಂಟೇನು ಹೋಗುತ್ತದೆ ಎಂದು ನನಗೆ ಸಿಟ್ಟು ಬಂತು.

"ಒಂದು ತಿಂದ್ರೆ ನಾಕು ಹಾಕ್ತೀರಿ, ನಾಗರತ್ನಮ್ಮೋರೆ" ಎಂದಳು ದೊಡ್ಡಮ್ಮ. "ನಮ್ಮಣ್ಣ ಯಾವ ಬೀಗರಿಗೂ ಬ್ಯಾಡ ಅನ್ನಲಿಲ್ಲ. ಅವನ ಕಾಲನ್ನ ಬಟ್ಟಿಯಾಗೆ ಸುತ್ತಿ ಹೊಲಕ್ಕೆ ಒಯ್ದಾಕಿ ನಾನು. ಬೈರಿ ಬೇಕಾದ್ರೆ. ತಿನ್ನಾದಿಲ್ಲ."

ಒಳಗಿನಿಂದ ಬಂದ ಹಾಲಮ್ಮ ತಾಯಿಯ ಪಕ್ಕ ಕುಳಿತು ರೊಟ್ಟಿ ಮುರಿದಳು. "ನಾನೂ ಅದೇ ಮನೆತನದಾಕಿ, ಅತ್ತಿ."

ನಾಗರತ್ನಮ್ಮ ಹೋಳಿಗೆ ತೆಗೆದು, ಹಾಲಮ್ಮನಿಗೂ ಎಲೆ ಹಾಕಿ, ಎರಡೂ ಎಲೆಗೆ ಪಲ್ಯ ಹಾಕಿದರು. ಪಲ್ಯದ ಪಾತ್ರೆಯನ್ನು ಮಾತ್ರ ಕುಕ್ಕಿ ಇಟ್ಟರು.

ದೊಡ್ಡಮ್ಮ ಎಂಬತ್ತು ದಾಟಿ ಜ್ವರದಲ್ಲಿ ಹೋದಳು. ಹಿಂದಿನ ವಾರವೂ ಬಾತಿಯ ತನಕ ನಡೆದಿದ್ದಳು. ಅವಳಿಗೆ ಒಂದೇ ಕುಣಿ ಸಾಕಾಯಿತು. ಎರಡೂ ಕಾಲು ಮಡಚಿ ಕೂರಿಸಿದೆವು.