ಹಲ್ಲಿನ ಸ್ಟಾಪಿನಲ್ಲಿ ನಿಲ್ಲದ ಟಾರ್ಚು

ನಾನು ಮದುವೆ ಮನೆಗೆ ಕಾಲಿಟ್ಟರೆ ಜನ ನಗುವುದನ್ನು ಕಡಿಮೆ ಮಾಡುತ್ತಾರೆ. ಕುಮಟೆಯಲ್ಲಿ ಹಲ್ಲಿನ ಡಾಕ್ಟರಾಗಿ ಕೂತವಳ ಹಣೆಬರಹ ಇದು. ಹೆಂಗಸರು ಸೆರಗನ್ನು ಬಾಯಿಗೆ ಹಿಡಿದೇ ಕ್ಷೇಮ ಕೇಳುತ್ತಾರೆ. ಮಕ್ಕಳಿಗಂತೂ "ಹಲ್ಲು ಕೀಳೋ ಅಮ್ಮ ಬಂತು ನೋಡು" ಎಂದು ಹೆದರಿಸಿ ಎರಡು ತುತ್ತು ಹೆಚ್ಚೇ ಉಣ್ಣಿಸುತ್ತಾರೆ. ಆ ಎರಡರಲ್ಲಿ ಒಂದು ಜಿಲೇಬಿಯದಾಗಿರುತ್ತದೆ ಎಂಬುದು ನನ್ನ ಸಂಕಟ. ಜಿಲೇಬಿ ನನಗೂ ಇಷ್ಟ, ಅದು ಬೇರೆ ಮಾತು.

ನಮ್ಮ ಭಾಷೆಗೆ ಹಲ್ಲಿನ ಮೇಲೆ ಅಕ್ಕರೆ ಜಾಸ್ತಿ. ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ, ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸುತ್ತೇವೆ, ಕೆಲಸ ಆಗಬೇಕಿದ್ದರೆ ಹಲ್ಲು ಗಿಂಜುತ್ತೇವೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಮುದುಕರಿಗಾಗಿಯೇ ಹುಟ್ಟಿದ್ದೆಂದು ನಾನು ತಿಳಿದಿದ್ದೆ, ಹೊಳನಗದ್ದೆಯ ಶ್ವೇತಾ ಬರುವವರೆಗೆ.

ನಮ್ಮೂರಿಗೆ ರೈಲು ಬಂದ ಹೊಸತು. ಶ್ವೇತಾಗೆ ಮೂರು ವರ್ಷ, ನೋಡಿದರೆ ಒಂದೂವರೆಯಂತೆ ಕಾಣುತ್ತಿದ್ದಳು. "ಎಂತ ಕೊಟ್ರೂ ತಿನ್ನುದಿಲ್ಲ ಡಾಕ್ಟ್ರೆ, ಬಾಟ್ಲಿ ಹಾಲು ಒಂದೇ. ಟಾನಿಕ್ ಕುಡ್ಸಿ ಕುಡ್ಸಿ ಹಲ್ಲು ಕಪ್ಪಾತು, ಹಸಿವೆ ಮಾತ್ರ ಆಗ್ಲಿಲ್ಲ" ಎಂದಳು ತಾಯಿ.

ಮಗುವಿನ ಮೇಲ್ತುಟಿ ಎತ್ತಿ ನೋಡಿದೆ. ಮುಂದಿನ ಹಲ್ಲುಗಳು ಕರಗಿ ಕಪ್ಪು ಮೊಳೆಗಳಾಗಿದ್ದವು. ದವಡೆಯಲ್ಲಿ ತೂತುಗಳು. ಹಸಿವೆ ಇತ್ತು, ಅಗಿದರೆ ಜೀವ ಹೋಗುವ ನೋವೂ ಇತ್ತು. ಅದನ್ನು ಹೇಳಲು ಮಾತಿರಲಿಲ್ಲ, ಅಷ್ಟೇ. ಸಕ್ಕರೆ ಬೆರೆಸಿದ ಹಾಲಿನ ಬಾಟ್ಲಿಯನ್ನು ಬಾಯಲ್ಲಿಟ್ಟೇ ಮಲಗಿಸುತ್ತಿದ್ದರಂತೆ, ಅದರ ಮೇಲೆ ಸಿಹಿ ಟಾನಿಕ್ಕು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಟಾನಿಕ್ ಬರೆದವರು ಹೊನ್ನಾವರದ ಒಬ್ಬ ಹಿರಿಯ ಡಾಕ್ಟರು. ಅವರ ಕೈಗುಣ ನಂಬಿ ಜನ ಹೊಳೆ ದಾಟಿ ಬರುತ್ತಿದ್ದರು. ಹೋದಾಗಲೆಲ್ಲ ಅವರು ಶ್ವೇತಾಳ ಬಾಯಿ ನೋಡಿದ್ದರೆನ್ನುವುದೇ ತಮಾಷೆ. ಡಾಕ್ಟರರು ಬಾಯಿ ನೋಡುವ ಕ್ರಮವೇ ಹಾಗೆ. "ಆ ಅನ್ನು" ಎನ್ನುತ್ತಾರೆ, ಟಾರ್ಚು ಹಚ್ಚುತ್ತಾರೆ. ಬೆಳಕು ಭಟ್ಕಳದ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಹಲ್ಲಿನ ಸ್ಟಾಪಿನಲ್ಲಿ ನಿಲ್ಲದೆ ಸೀದಾ ಗಂಟಲಿಗೆ ಹೋಗಿಬಿಡುತ್ತದೆ. ನಾವು ಓದುವಾಗಲೇ ಬಾಯನ್ನು ಪಾಲು ಮಾಡಿಕೊಂಡವರು: ಗಂಟಲು ಅವರಿಗೆ, ಹಲ್ಲು ನಮಗೆ. ಮಗುವಿಗೆ ಈ ಪಾಲುಪಟ್ಟಿ ಗೊತ್ತಿಲ್ಲ.

ಸುಮ್ಮನಿರಬಾರದೆಂದು ನಿಶ್ಚಯಿಸಿ, ರಜೆಯ ಗುರುವಾರ ಹೊನ್ನಾವರಕ್ಕೆ ಹೋದೆ. ಹಿರಿಯರು ಎಲ್ಲ ಕೇಳಿ ನಕ್ಕರು. "ಹಾಲುಹಲ್ಲಲ್ವೇನೆ? ಹೇಗೂ ಬೀಳೂದು. ಸೆಗಣಿಲಿ ಇಟ್ಟು ಹಂಚಿನ ಮೇಲೆ ಎಸೆದ್ರೆ ಆತು."

"ಭತ್ತದ ಸಸಿನೂ ಕೀಳೂದೇ ಅಲ್ವಾ ಸರ್? ಹಾಗಂತ ಸಸಿಗದ್ದೆಗೆ ದನ ಬಿಡ್ತ್ರಾ?" ಎಂದೆ.

ಅವರೂ ಗದ್ದೆ ಇದ್ದ ಮನೆಯವರು. ನಗು ನಿಂತಿತು. "ಮುಂದಿನೋರು ಬರ್ಲಿ" ಎಂದರು. ನನಗೆ ಮರ್ಯಾದೆಯಿಂದ ಬಾಗಿಲು ತೋರಿಸಿದರೆಂದು ಎದ್ದೆ. "ನೀ ಎಲ್ಲಿ ಹೊರಟೆ? ಕೂತ್ಕೋ."

ಕೆಮ್ಮಿನ ಮಗುವೊಂದು ಬಂತು, ಅಭ್ಯಾಸದಂತೆ ಆ ಎಂದು ನಾಲಿಗೆ ಚಾಚಿತು. ಡಾಕ್ಟರು ಟಾರ್ಚು ಹಚ್ಚಿ, ಈ ಸಲ ಮೊದಲು ತುಟಿ ಎತ್ತಿದರು. ಅಲ್ಲಿಯೂ ಕಪ್ಪು. "ಇದು ಯಾವಾಗಿಂದ ಹೀಗೆ?" ಎಂದು ತಾಯಿಯನ್ನು ಕೇಳಿದರು.

"ನೀವು ಹೇಳ್ಲಿಲ್ಲ, ನಾ ಕೇಳ್ಲಿಲ್ಲ" ಎಂದಳು ಆಕೆ. ಡಾಕ್ಟರು ಬಹಳ ಹೊತ್ತು ಟಾರ್ಚು ಆರಿಸಲಿಲ್ಲ. ಆಮೇಲೆ ಮಗುವನ್ನು ನನ್ನ ಕಡೆ ತಿರುಗಿಸಿ ಕೂರಿಸಿದರು.

ಶ್ವೇತಾಳ ಮುಂದಿನ ಮೊಳೆಗಳನ್ನು ಕಿತ್ತೆ, ದವಡೆಯವನ್ನು ತುಂಬಿ ಉಳಿಸಿದೆ. ಬಾಟ್ಲಿ ಬಿಡಿಸುವಾಗ ಕೇರಿಗೆ ಕೇರಿಯೇ ನಿದ್ದೆಗೆಟ್ಟಿತಂತೆ. ಚೌತಿ ಮುಗಿಸಿ ಬಂದವಳು ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಚಕ್ಕುಲಿಯನ್ನು ದವಡೆಗೆ ಹಾಕಿ ಕಟಕಟ ಅಗಿದಳು. ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದ ದೊಡ್ಡವರೆಲ್ಲ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಅಷ್ಟು ಒಳ್ಳೆಯ ಸದ್ದನ್ನು ನಾನು ಬೇರೆ ಕೇಳಿಲ್ಲ.

ಮರು ಗುರುವಾರ ಭಟ್ಕಳದ ಬಸ್ಸು ಹತ್ತಿದೆ. ದಾರಿಯಲ್ಲಿ ಮಂಕಿ, ಮುರ್ಡೇಶ್ವರ. ಎಲ್ಲ ಕಡೆಯೂ ಡಾಕ್ಟರಿದ್ದಾರೆ, ಎಲ್ಲರ ಬಳಿಯೂ ಟಾರ್ಚಿದೆ.

ಕಂಡಕ್ಟರಿಗೆ ನನ್ನ ಮೇಲೆ ಕನಿಕರ ಬಂತು. "ಹಿಂದೆ ಎಕ್ಸ್‌ಪ್ರೆಸ್ ಬತ್ತದೆ ಅಮ್ಮ. ಇದು ಎಲ್ಲಾ ಕಡೆ ನಿಲ್ತದೆ."

"ಅದಕ್ಕೇ ಹತ್ತಿದ್ದು" ಎಂದೆ.