ದಕ್ಕೆಯಲ್ಲಿ ಉಳಿದ ನಿಂಗಯ್ಯ

ಬೀಚನಹಳ್ಳಿಯ ನಿಂಗಯ್ಯನವರು ಅಣೆಕಟ್ಟೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲೇ ತಲೆ ನೆರೆಸಿಕೊಂಡವರು. ಹಿನ್ನೀರಿನಲ್ಲಿ ಯಾರಾದರೂ ಮುಳುಗಿದರೆ ಪೊಲೀಸರಿಗಿಂತ ಮೊದಲು ಅವರಿಗೆ ಹೇಳಿಕಳಿಸುತ್ತಿದ್ದರು. ದಡದಲ್ಲಿ ಎದೆ ಬಡಿದುಕೊಳ್ಳುವ ತಾಯಂದಿರಿಗೆ ಅವರದು ಒಂದೇ ಮಾತು: "ಅಳ್ಬ್ಯಾಡ ಕಣವ್ವ, ನೀರು ಎಲ್ಲಿಗೋದಾತು? ಗೇಟ್ ತಾವ್ಕೆ ಬರ್ಲೇಬೇಕು."

ಬರುತ್ತಿತ್ತು. ಹೆಣವನ್ನು ಎಳೆದು ದಡಕ್ಕೆ ಹಾಕಿ, ಹೆಗಲ ಟವೆಲನ್ನು ಮುಖಕ್ಕೆ ಹೊದಿಸಿ ಒಪ್ಪಿಸುತ್ತಿದ್ದರು.

ಅವರ ಮಗ ಮಹೇಂದ್ರ ಮಂಗಳೂರಿನಲ್ಲಿ ಮೀನಿನ ಬೋಟಿಗೆ ಸೇರಿದ್ದ. ಡ್ಯಾಮಿನ ನೀರು ನೋಡಿ ಬೆಳೆದವನಿಗೆ ಸಮುದ್ರ ಯಾವ ಲೆಕ್ಕ ಎಂದು ಊರೇ ಹೇಳಿತ್ತು. ಆ ಊರಿನಲ್ಲಿ ನಾನೂ ಒಬ್ಬ. ಮಳೆಗಾಲದಲ್ಲಿ ಸರ್ಕಾರ ಮೀನು ಹಿಡಿಯುವುದನ್ನು ನಿಲ್ಲಿಸಿದಾಗ ಮಾತ್ರ ಹುಡುಗ ಮನೆಗೆ ಬರುತ್ತಿದ್ದ. ಈ ಏಪ್ರಿಲ್‌ನಲ್ಲಿ, ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಅವನ ಬೋಟು ಮಗುಚಿತು. ಉಳಿದವರೆಲ್ಲ ಈಜಿ ಬಂದರು. ಮಹೇಂದ್ರ ಬರಲಿಲ್ಲ.

ಹಿಂದೊಮ್ಮೆ ಮಂಗಳೂರಿನ ಮದುವೆಗೆ ಹೋಗಿ ನೀರುದೋಸೆ ತಿಂದು ಬಂದವನು ಎಂಬ ಅರ್ಹತೆಯ ಮೇಲೆ, ನಿಂಗಯ್ಯನವರ ಜೊತೆ ಊರು ನನ್ನನ್ನು ಕಳಿಸಿತು.

ಮೀನು ಇಳಿಸುವ ಬಂದರಿಗೆ ಅಲ್ಲಿ ದಕ್ಕೆ ಎನ್ನುತ್ತಾರೆ. ಬೋಟುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಐಸು ಒಡೆಯುವ ಸದ್ದು, ಬುಟ್ಟಿ ಹರಾಜು ಕೂಗುವ ಹೆಂಗಸರು. ನಿಂಗಯ್ಯ ತಪಾಸಣೆಗೆ ಬಂದ ಎಂಜಿನಿಯರರಂತೆ ಈ ತುದಿಯಿಂದ ಆ ತುದಿಗೆ ನಡೆದು, ಬೋಟು ನಡೆಸುವ ತಂಡೇಲನೊಬ್ಬನನ್ನು ಹಿಡಿದರು.

"ಯಪ್ಪಾ, ಇದ್ರ ಗೇಟ್ ಎಲ್ಲದೆ?"

"ಎಂತ ಗೇಟು ಅಜ್ಜ?"

"ನೀರು ಬಂದು ನಿಲ್ಲೋ ತಾವು. ಅಲ್ಲೇ ಕೂತ್ಕತೀನಿ. ಮಗ ಬತ್ತಾನೆ."

ತಂಡೇಲ ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದ. "ಇದು ನಿಲ್ಲುದಿಲ್ಲ ಅಜ್ಜ. ಒಮ್ಮೊಮ್ಮೆ ದೂರ ಎಲ್ಲಿಯೋ ದಡಕ್ಕೆ ಹಾಕ್ತದೆ. ಒಮ್ಮೊಮ್ಮೆ ಹಾಕುದೇ ಇಲ್ಲ."

ನಿಂಗಯ್ಯ ನನ್ನತ್ತ ತಿರುಗಿದರು. "ಆಚೆ ದಡ ಯಾವ್ದು ಸಾ?"

"ಅರಬ್ ದೇಶ" ಎಂದೆ. ನನಗೆ ನೆನಪಿದ್ದ ಅಷ್ಟೂ ಭೂಗೋಳ ಅದು. ಆಗಲೇ ಹೇಳಬೇಕಿತ್ತೆ!

"ಅಂಗಾರೆ ಅಲ್ಲಿಯೋರ್ಗೂ ಒಂದ್ ಮಾತು ಯೋಳಿರ್ಬೇಕು" ಎಂದರು.

ಸಂಜೆ ಅವರ ಹೆಂಡತಿ ಪುಟ್ಟತಾಯಮ್ಮ ಫೋನು ಮಾಡಿದರು. "ಊರೋರ ಮಕ್ಳನ್ನೆಲ್ಲ ತಗ್ದ್ ಕೊಟ್ರಿ. ನಮ್ಮದ್ನ ತರಕ್ಕಾಗಕಿಲ್ವಾ?" ನಿಂಗಯ್ಯ ಫೋನನ್ನು ನನ್ನ ಕೈಗಿಟ್ಟರು.

ಊರಿಗೆ ಹೊರಡುವ ದಿನ ಅವರು ಬಸ್ಸು ಹತ್ತಲಿಲ್ಲ. "ನೀವ್ ಓಗಿ ಸಾ. ಐಸ್ ಒಡಿಯೋ ತಾವ ಕೆಲ್ಸ ಕೊಡ್ತೀವಿ ಅಂದವ್ರೆ. ಬರೋ ಬೋಟೆಲ್ಲ ಅಲ್ಲಿಂದ ಕಾಣ್ತವೆ."

ಊರಿನಲ್ಲಿ ದೊಡ್ಡ ಮಾತುಗಾರನೆಂದು ಹೆಸರಾದ ನನ್ನ ಬಾಯಿಂದ "ಊಟಕ್ಕೇನು ಮಾಡ್ತೀರಿ?" ಎಂಬುದೊಂದೇ ಹೊರಟಿತು.

ಮಳೆಗಾಲಕ್ಕೆ ಬೋಟು ನಿಂತ ಮೇಲೆ ಬರುತ್ತಾರೆ ಎಂದು ಪುಟ್ಟತಾಯಮ್ಮನಿಗೆ ಹೇಳಿದೆ. ಜೂನ್ ಬಂತು, ಬೋಟುಗಳು ನಿಂತವು, ನಿಂಗಯ್ಯ ಬರಲಿಲ್ಲ. ಆಕೆಯೇ ನನ್ನ ಮನೆಗೆ ಹುಡುಕಿಕೊಂಡು ಬಂದಾಗ ಅವರೆದುರೇ ಫೋನು ಹಚ್ಚಿದೆ.

"ಈಗ ಕೆಲಸವೂ ಇಲ್ಲವಲ್ಲ, ಬನ್ನಿ ನಿಂಗಯ್ಯನೋರೆ."

ಆ ಕಡೆ ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. "ಈಗ್ಲೇ ಕಣ್ ಸಾ ಇರ್ಬೇಕಾದ್ದು. ಬೋಟ್ ಯಾವ್ದೂ ಅಡ್ಡಿಲ್ಲ. ನೀರೆಲ್ಲ ಕಾಣ್ತದೆ."

ಏನೆಂದರು ಎಂದು ಪುಟ್ಟತಾಯಮ್ಮ ಕೇಳಿದರು. ಬಣ್ಣ ಕಟ್ಟಿ ಹೇಳಲು ಏನೂ ಹೊಳೆಯದೆ, ಇದ್ದದ್ದನ್ನೇ ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ಇರ್ಲಿ ಬುಡಿ ಸಾ. ಮಗನ ತಾವ ಒಬ್ರಾದ್ರೂ ಇರ್ಲಿ."